ಲೋಕಲ್‌ಗೆ ಒಂದು, ವಾಸ್ಕೊ ಬಸ್ಸಿಗೆ ಒಂದು: ಯಾವ ಕಾದಂಬರಿ ಓದಲಿ?

ಹೋದ ಸಂಚಿಕೆಯಲ್ಲಿ ನಾನು ಈಚೆಗೆ ಓದಿದ ಮತ್ತು ಮತ್ತೆ ಓದಿದ ಕೆಲವು ಕಾದಂಬರಿಗಳ ಮಾತು ಬಂದಿತ್ತು. ಅದಕ್ಕೆ ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಪತ್ರಗಳು ಬಂದಿವೆ. ಎಲ್ಲರ ಕೇಳಿಕೆ ಹೆಚ್ಚುಕಮ್ಮಿ ಒಂದೇ: ನನಗೆ ಹೊಂದುವ ಕಾದಂಬರಿ ಯಾವುದು? ಹೀಗೆ ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಶ್ರೇಷ್ಠ ಕಾದಂಬರಿಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಓದುವವರ ಹೊತ್ತು, ರುಚಿ, ಅವರಿಗೆ ಕನ್ನಡ ಎಷ್ಟು ಸಲೀಸು ಅನ್ನುವುದನ್ನು ನೋಡದೆ ಪುಸ್ತಕ ಹೇಳಿದರೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಪತ್ರ ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಡೊಂಬಿವಲಿಯಿಂದ: ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಹೋಗುತ್ತೇನೆ. ನಿಂತುಕೊಂಡೇ ಓದಬೇಕು. ಗಂಭೀರ ಪುಸ್ತಕ ಹಿಡಿದರೆ ಠಾಣೆ ಬರುವಷ್ಟರಲ್ಲಿ ಮನಸ್ಸು ಎಲ್ಲೋ ಹೋಗಿರುತ್ತದೆ. ಕುತೂಹಲ ಹುಟ್ಟಿಸುವ ಕಾದಂಬರಿ ಹೇಳಿ. ಥ್ರಿಲ್ಲರ್ ಅಂದರೆ ಕಮ್ಮಿ ದರ್ಜೆಯ ಓದು ಅನ್ನುತ್ತಾನೆ ಗೆಳೆಯ, ಹೌದಾ?

ಖಂಡಿತ ಅಲ್ಲ. ಆ ಗದ್ದಲದಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದವರ ಗಮನವನ್ನು ಕುರ್ಲಾದವರೆಗೆ ಬಿಡದೆ ಎಳೆದುಕೊಂಡು ಹೋಗುವುದು ಬರವಣಿಗೆಯ ದೊಡ್ಡ ಕಸುಬು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದುತ್ತಲೇ ಎಷ್ಟೋ ಮನೆಗಳಲ್ಲಿ ಕನ್ನಡ ಓದುವ ಅಭ್ಯಾಸ ಬಂದಿದೆ. ಅವರ ಋಣ ನಮ್ಮ ಮೇಲೆ ಬಹಳ ಇದೆ.

ನಿಮಗೆ ಮೊದಲು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಹೇಳುತ್ತೇನೆ. ಬಂದದ್ದು 1994ರಲ್ಲಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಎಳೆಯ ದಂಪತಿ. ಅಷ್ಟೇ ಶುರು. ಆಮೇಲೆ ಕಾಡಿನ ಕಳ್ಳ ವ್ಯವಹಾರ, ಹಳೆಯ ಗುಟ್ಟು, ಬೆನ್ನು ಹತ್ತಿದವರು ಎಲ್ಲಾ ಸೇರಿಕೊಂಡು ಒಂದು ಹಗಲು ರಾತ್ರಿಯ ಒಳಗೆ ಕಥೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಇದನ್ನು ಈಚೆಗೆ ಮತ್ತೆ ಓದಿದೆ. ಓಡುವ ಕಥೆಯ ಒಳಗೇ ಮಲೆನಾಡಿನ ಬೆಳೆಗಾರರ ಕಷ್ಟ, ದಲ್ಲಾಳಿಗಳ ಹಿಡಿತ, ಕಾಡು ಬರಿದಾಗುವ ಬಗೆ ಎಲ್ಲವೂ ಇದೆ. ಆದರೆ ಅವು ಎಲ್ಲೂ ಕಥೆಯನ್ನು ನಿಲ್ಲಿಸಿ ಪಾಠ ಹೇಳುವುದಿಲ್ಲ.

ಅದು ಮುಗಿದ ಮೇಲೆ ಕೆ.ಎನ್. ಗಣೇಶಯ್ಯನವರ 'ಕರಿಸಿರಿಯಾನ'. ಅವರು ವೃತ್ತಿಯಲ್ಲಿ ಕೃಷಿ ವಿಜ್ಞಾನಿ. 1565ರ ತಾಳಿಕೋಟೆ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಸಂಪತ್ತನ್ನು 550 ಆನೆಗಳ ಮೇಲೆ ಹೊರಿಸಿಕೊಂಡು ಹೋದರು ಅಂತ ರಾಬರ್ಟ್ ಸೀವೆಲ್ 1900ರಲ್ಲಿ ಬರೆದ ಇತಿಹಾಸದಲ್ಲಿ ಬರುತ್ತದೆ. ಆ ಸಂಪತ್ತು ಆಮೇಲೆ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಹಿಡಿದು ಕಾದಂಬರಿ ಹೊರಡುತ್ತದೆ. ನಡುನಡುವೆ ಆಧಾರಗಳನ್ನೂ ಕೊಡುತ್ತಾರೆ, ಹಾಗಾಗಿ ಇದು ನಿಜವೋ ಕಲ್ಪನೆಯೋ ಅನ್ನುವ ಗೊಂದಲದಲ್ಲೇ ಓದುತ್ತೀರಿ. ಪಾತ್ರಗಳ ಒಳಮನಸ್ಸು ಇಲ್ಲಿ ಜಾಸ್ತಿ ಸಿಗುವುದಿಲ್ಲ, ಅದನ್ನು ಹುಡುಕಬೇಡಿ. ಇದರ ಜೀವ ಇರುವುದು ಹುಡುಕಾಟದಲ್ಲಿ.

ನಿಂತು ಓದುವವರಿಗೆ ಫೋನೇ ಅನುಕೂಲ. ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡ ಇ-ಪುಸ್ತಕ, ಆಡಿಯೋ ಪುಸ್ತಕ ಎರಡೂ ಸಿಗುತ್ತವೆ. ಅಕ್ಷರ ದೊಡ್ಡದು ಮಾಡಿಕೊಳ್ಳಿ, ರೈಲು ಅಲ್ಲಾಡುವಾಗ ಕಣ್ಣಿಗೆ ಕಷ್ಟ ಆಗುವುದಿಲ್ಲ.

ಘಾಟ್ಕೋಪರ್‌ನಿಂದ: ಹುಟ್ಟಿದ್ದು, ಬೆಳೆದದ್ದು, ಕೆಲಸ ಮಾಡುತ್ತಿರುವುದು ಎಲ್ಲಾ ಮುಂಬೈಯಲ್ಲೇ. ಕನ್ನಡ ಕಾದಂಬರಿ ತೆಗೆದರೆ ಬರೀ ಮಲೆನಾಡು, ಹಳ್ಳಿ, ಅಗ್ರಹಾರ. ನಮ್ಮ ಊರಿನ ಕಾದಂಬರಿ ಕನ್ನಡದಲ್ಲಿ ಇದೆಯಾ?

ಇದೆ. ನಿಮ್ಮ ಪತ್ರ ಓದಿದಾಗಿನಿಂದ ಉತ್ತರ ಬರೆಯಲು ಕೈ ತುರಿಸುತ್ತಿತ್ತು.

ಯಶವಂತ ಚಿತ್ತಾಲರ 'ಶಿಕಾರಿ' ಓದಿ. 1979ರಲ್ಲಿ ಬಂದ ಕಾದಂಬರಿ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಆದರೆ ಬದುಕಿನ ಬಹುಪಾಲು ಕಳೆದದ್ದು ಮುಂಬೈಯಲ್ಲಿ. ಬಾಂದ್ರಾದ ಕಡಲ ದಂಡೆಯಲ್ಲಿ ಅವರ ಮನೆ ಇತ್ತು. ಕೆಲಸ ರಾಸಾಯನಿಕ ಕಂಪನಿಯಲ್ಲಿ. 2014ರಲ್ಲಿ ತೀರಿಕೊಂಡರು. ಕಾದಂಬರಿಯ ನಾಗಪ್ಪನೂ ಅಂಥದೇ ಕಂಪನಿಯ ದೊಡ್ಡ ಅಧಿಕಾರಿ. ಒಂದು ದಿನ ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಆರೋಪ ಏನು, ಯಾರು ಹೊರಿಸಿದರು, ಯಾಕೆ, ಯಾವುದೂ ಅವನಿಗೆ ಸ್ಪಷ್ಟವಿಲ್ಲ. ಅಲ್ಲಿಂದ ಮುಂದೆ ಯಾರು ಗೆಳೆಯ ಯಾರು ಬೇಟೆಗಾರ ಅಂತ ಅವನಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಊರಿನ ಹಳೆಯ ಸಂಗತಿಗಳನ್ನು ಕೆದಕಿ ಅವನ ವಿರುದ್ಧವೇ ತಿರುಗಿಸುವವರು ಅವನ ಪರಿಚಯದವರೇ.

ಈ ಕಾದಂಬರಿ ಬರುವಾಗ ಇವತ್ತಿನ ಕಾರ್ಪೊರೇಟ್ ಆಫೀಸುಗಳು ಇರಲಿಲ್ಲ, ಇಮೇಲ್ ಇರಲಿಲ್ಲ. ಆದರೂ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಕೆಲಸ ಮಾಡುವವರು ಓದಿದರೆ ಬೆಚ್ಚಿಬೀಳುತ್ತಾರೆ. ಮೀಟಿಂಗಿನಲ್ಲಿ ಎಲ್ಲರೂ ನಗುನಗುತ್ತಾ ಮಾತಾಡುತ್ತಿರುವಾಗ ಒಬ್ಬನಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುವುದು, ಫೋನ್ ಮಾಡಿದರೆ ಆ ಕಡೆಯ ದನಿ ಒಂದು ಚೂರು ಬದಲಾಗಿರುವುದು, ಇಂಥ ಸಣ್ಣ ಸಣ್ಣ ಭಯಗಳನ್ನು ಹಿಡಿದಿಡುವ ಕಾದಂಬರಿ ಕನ್ನಡದಲ್ಲಿ ಬೇರೆ ಇಲ್ಲ ಅಂತಲೇ ನನ್ನ ನಂಬಿಕೆ. ಮುಂಬೈ ಇಲ್ಲಿ ಹಿನ್ನೆಲೆಯ ಪರದೆಯಾಗಿ ಇಲ್ಲ. ಈ ಊರಲ್ಲಿ ಲಕ್ಷಾಂತರ ಜನರ ನಡುವೆ ಒಬ್ಬ ಮನುಷ್ಯ ಎಷ್ಟು ಒಂಟಿಯಾಗಬಲ್ಲ ಅನ್ನುವುದೇ ಕಥೆ. ಮೊದಲ ಐವತ್ತು ಪುಟ ನಿಧಾನ, ಯಾಕೆಂದರೆ ನಾಗಪ್ಪನ ತಲೆಯೊಳಗೇ ನಾವು ಇರುತ್ತೇವೆ, ಅವನು ಒಂದೇ ವಿಷಯವನ್ನು ತಿರುಗಿಸಿ ತಿರುಗಿಸಿ ಯೋಚಿಸುತ್ತಾನೆ. ಅಲ್ಲಿ ಬಿಡಬೇಡಿ.

ಇನ್ನೊಂದು, ವ್ಯಾಸರಾಯ ಬಲ್ಲಾಳರ 'ಬಂಡಾಯ'. ಇದಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂಬೈಯ ಕಾರ್ಮಿಕರು, ಅವರ ಸಂಘಟನೆ, ಆಡಳಿತದವರು, ಮಧ್ಯದಲ್ಲಿ ಸಿಕ್ಕಿಕೊಂಡವರು. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರವನ್ನು ಕಂಡ ಮನೆಗಳು ಪರೇಲ್, ಲಾಲ್‌ಬಾಗ್ ಕಡೆ ಈಗಲೂ ಇವೆ. ಅಂಥ ಮನೆಯ ಹಿರಿಯರು ಯಾರಾದರೂ ನಿಮ್ಮಲ್ಲಿದ್ದರೆ ಅವರ ಜೊತೆ ಕೂತು ಓದಿ. ಅವರ ಬಾಯಿಂದ ಬರುವ ಕಥೆಗಳೂ ಸೇರಿದರೆ ಓದು ದುಪ್ಪಟ್ಟಾಗುತ್ತದೆ. ಈ ಕಾದಂಬರಿಯ ಬಗ್ಗೆ ಈಗ ಯಾರೂ ಮಾತಾಡುವುದಿಲ್ಲ, ಅದು ನನಗೆ ನಿಜವಾಗಿ ಬೇಸರ ತರುವ ಸಂಗತಿ.

ಸಂಗೀತ ಇಷ್ಟ ಇದ್ದರೆ ಎಸ್.ಎಲ್. ಭೈರಪ್ಪನವರ 'ಮಂದ್ರ' ಸೇರಿಸಿಕೊಳ್ಳಿ. ಹಿಂದೂಸ್ತಾನಿ ಗಾಯಕ ಮೋಹನಲಾಲನ ಕಥೆ. ಮಹಾ ಕಲಾವಿದ, ಆದರೆ ಮನುಷ್ಯನಾಗಿ ಸಣ್ಣವನು. ಅವನ ಹಾಡಿಗೆ ತಲೆಬಾಗಬೇಕೋ ಅವನ ನಡತೆಗೆ ಹೇಸಬೇಕೋ ಅನ್ನುವ ತೊಳಲಾಟ ಓದಿ ಮುಗಿಸಿದ ಮೇಲೂ ಬಿಡುವುದಿಲ್ಲ. ಇದಕ್ಕೆ ಸರಸ್ವತಿ ಸಮ್ಮಾನ್ ಬಂದಿದೆ. ದಪ್ಪ ಪುಸ್ತಕ, ರಜೆಯಲ್ಲಿ ಹಿಡಿಯಿರಿ.

ಮುಂಬೈ ಅಂದ ಮೇಲೆ ಜಯಂತ ಕಾಯ್ಕಿಣಿ ಬೇಡವಾ ಅಂತ ನೀವು ಕೇಳಬಹುದು. ಬೇಕು, ತುಂಬಾ ಬೇಕು. ಅವರು ಬರೆದದ್ದು ಕಥೆಗಳು, ಕಾದಂಬರಿ ಅಲ್ಲ ಅನ್ನುವ ಒಂದೇ ಕಾರಣಕ್ಕೆ ಇಲ್ಲಿ ಮುಂದಕ್ಕೆ ಹೋಗುತ್ತೇನೆ.

ವಾಸ್ಕೊದಿಂದ: ನಾವು ಹಾವೇರಿ ಕಡೆಯವರು, ಗೋವಾಕ್ಕೆ ಬಂದು ಬಹಳ ವರ್ಷ ಆಯಿತು. ಇಲ್ಲಿಯ ಇತಿಹಾಸ ನಮಗೆ ಅಷ್ಟಾಗಿ ಗೊತ್ತಿಲ್ಲ. ಇತಿಹಾಸದ ಪುಸ್ತಕ ಓದಲು ಬೇಜಾರು. ಕಾದಂಬರಿಯ ರೂಪದಲ್ಲಿ ಏನಾದರೂ ಇದೆಯಾ?

ನಿಮಗೆ ಎರಡು ಕಾದಂಬರಿ, ಎರಡೂ ಈ ಮಣ್ಣಿನಿಂದಲೇ ಎದ್ದವು.

ಮೊದಲನೆಯದು ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ'. 2009ರಲ್ಲಿ ಬಂತು, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪೋರ್ಚುಗೀಸರ ಆಳ್ವಿಕೆಯಲ್ಲಿ ಮತಾಂತರದ ಒತ್ತಡ ತಾಳಲಾರದೆ ಸಾರಸ್ವತ ಕುಟುಂಬಗಳು ಊರು ಬಿಟ್ಟು ದಕ್ಷಿಣದ ಕಡೆ ಹೊರಟ ಕಥೆ ಇದು. ತಲೆಮಾರುಗಳ ಮೇಲೆ ತಲೆಮಾರು ಬರುತ್ತವೆ. ನಾಗ್ಡೋ ಬೇತಾಳ ಎಂಬ ಒಂದು ಪಾತ್ರ ಇದರಲ್ಲಿದೆ, ಒಮ್ಮೆ ಓದಿದರೆ ಮರೆಯಲಾರಿರಿ.

ಇದನ್ನು ನೀವು ಗೋವಾದಲ್ಲೇ ಇದ್ದು ಓದುತ್ತೀರಲ್ಲ, ಅದು ನಿಮಗಿರುವ ಭಾಗ್ಯ. ವಾಸ್ಕೊದಿಂದ ಫೋಂಡಾ ಕಡೆ ಹೋಗುವಾಗ ಕುಠ್ಠಾಳಿ, ವೆರ್ಣಾ ದಾಟಿ ಹೋಗುತ್ತೀರಿ, ಅಲ್ವಾ? ಕುಠ್ಠಾಳಿಯೇ ಹಿಂದಿನ ಕುಶಸ್ಥಳಿ. ಮಂಗೇಶಿ ದೇವರು ಮೊದಲು ಇದ್ದದ್ದು ಅಲ್ಲಿ. ಮ್ಹಾಳಸಾ ದೇವಿ ಇದ್ದದ್ದು ವೆರ್ಣಾದಲ್ಲಿ. 16ನೇ ಶತಮಾನದಲ್ಲಿ ಭಕ್ತರು ಮೂರ್ತಿಗಳನ್ನು ಹೊತ್ತುಕೊಂಡು ಹೊಳೆ ದಾಟಿ ಫೋಂಡಾ ಕಡೆಗೆ ಒಯ್ದರು, ಯಾಕೆಂದರೆ ಆ ಸೀಮೆ ಆಗ ಪೋರ್ಚುಗೀಸರ ಕೈಯಲ್ಲಿರಲಿಲ್ಲ. ಇಷ್ಟೊಂದು ದೊಡ್ಡ ದೇವಸ್ಥಾನಗಳು ಫೋಂಡಾ ಸುತ್ತಲೇ ಯಾಕೆ ಒತ್ತೊತ್ತಾಗಿವೆ ಅನ್ನುವುದಕ್ಕೆ ಇದು ಕಾರಣ. ಗೋವಾದ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆ, 1560ರಲ್ಲಿ ಶುರುವಾಗಿ 1812ರವರೆಗೂ ಇತ್ತು. ಈ ಇಸವಿಗಳನ್ನು ಇತಿಹಾಸದ ಪುಸ್ತಕದಲ್ಲಿ ಓದಿದರೆ ಮರೆತುಹೋಗುತ್ತವೆ. ಮನೆಯ ಬಾಗಿಲು ಎಳೆದುಕೊಂಡು ದೋಣಿ ಹತ್ತಿದವರ ಜೊತೆ ಕಾದಂಬರಿಯಲ್ಲಿ ನಡೆದರೆ ಮರೆಯುವುದಿಲ್ಲ.

ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದ ಕುಟುಂಬ ನಿಮ್ಮದು. ಅವರು ಹೋದದ್ದು ತೆಂಕಣಕ್ಕೆ, ನೀವು ಬಂದದ್ದು ಬಡಗಣಕ್ಕೆ, ಕಾರಣವೂ ಬೇರೆ. ಆದರೂ ಹೊಸ ಊರಲ್ಲಿ ಮೊದಲ ರಾತ್ರಿ ಮಲಗುವ ಭಯ, ಅಲ್ಲಿಯ ಮಾತು ಕಲಿಯುವ ಪಾಡು, ಬಿಟ್ಟು ಬಂದ ಮನೆಯ ಬಗ್ಗೆ ಮಕ್ಕಳಿಗೆ ಎಷ್ಟು ಹೇಳಬೇಕು ಅನ್ನುವ ಅಳುಕು ನಿಮಗೆ ಬೇರೆ ಯಾರಿಗಿಂತ ಜಾಸ್ತಿ ತಾಗುತ್ತದೆ. ಪಾತ್ರಗಳು ಬಹಳ, ಸಂಬಂಧಗಳು ಇನ್ನೂ ಬಹಳ. ಒಂದು ಚೀಟಿಯಲ್ಲಿ ವಂಶಾವಳಿ ಬರೆದುಕೊಳ್ಳುತ್ತಾ ಓದಿದರೆ ಸುಲಭ.

ಎರಡನೆಯದು ವಸುಧೇಂದ್ರರ 'ತೇಜೋ ತುಂಗಭದ್ರಾ', 2019ರದ್ದು. ಒಂದು ಕಡೆ ಲಿಸ್ಬನ್‌ನಲ್ಲಿ ಹರಿಯುವ ತೇಜೋ ನದಿ, ಇನ್ನೊಂದು ಕಡೆ ತುಂಗಭದ್ರೆ. ಬೆಲ್ಲಾಳನ್ನು ಪ್ರೀತಿಸುವ ಗೇಬ್ರಿಯಲ್ ದುಡ್ಡು ಮಾಡಿಕೊಂಡು ಬರುತ್ತೇನೆ ಅಂತ ಭಾರತದ ಹಡಗು ಹತ್ತುತ್ತಾನೆ. ಈ ಕಡೆ ವಿಜಯನಗರದ ರಾಜ್ಯದಲ್ಲಿ ಹಂಪಮ್ಮ, ಕೇಶವ. ಎರಡು ಕಥೆಗಳು ಬಹಳ ಹೊತ್ತು ಬೇರೆ ಬೇರೆಯಾಗೇ ಹರಿಯುತ್ತವೆ, ಗೋವಾ ಅವುಗಳ ನಡುವಿನ ದಾರಿ. ಪೋರ್ಚುಗೀಸರ ಸೇನಾನಿ ಆಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಯಿಂದ 1510ರಲ್ಲಿ ಗೋವಾ ಗೆದ್ದ ಕಾಲ ಇದು. ಕಾಳುಮೆಣಸಿನ ಆಸೆಗೆ ಜಗತ್ತಿನ ಆ ತುದಿಯಿಂದ ಹಡಗುಗಳು ಹೇಗೆ ಬಂದವು, ಹಡಗಿನ ಒಳಗೆ ಜನ ಹೇಗೆ ಬದುಕಿದರು, ಹೇಗೆ ಸತ್ತರು ಅನ್ನುವ ಭಾಗಗಳು ಉಸಿರು ಕಟ್ಟಿಸುತ್ತವೆ. ರಾಜರು ಇದರಲ್ಲಿ ಪಕ್ಕಕ್ಕೆ ಸರಿದಿದ್ದಾರೆ. ಧರ್ಮ, ಯುದ್ಧ, ಸಂಪ್ರದಾಯ ಎಲ್ಲದರ ಪೆಟ್ಟು ಕೊನೆಗೆ ಯಾರ ಮೇಲೆ ಬೀಳುತ್ತದೆ ಅಂತ ಲೇಖಕರು ಸಾಮಾನ್ಯ ಜನರ ಮೂಲಕ ತೋರಿಸುತ್ತಾರೆ. ಕ್ರೌರ್ಯದ ಭಾಗಗಳು ಕೆಲವು ಇವೆ, ಚಿಕ್ಕ ಮಕ್ಕಳಿಗೆ ಓದಿ ಹೇಳುವಂಥವಲ್ಲ.

ಮೊದಲು ಯಾವುದು ಅಂದರೆ 'ತೇಜೋ ತುಂಗಭದ್ರಾ'. ಓದಿನ ಓಟ ಅದರಲ್ಲಿ ಜಾಸ್ತಿ. ಕಾಲದ ಲೆಕ್ಕದಲ್ಲೂ ಅದು ಮೊದಲು ಬರುತ್ತದೆ. ಆಮೇಲೆ 'ಸ್ವಪ್ನ ಸಾರಸ್ವತ' ತೆಗೆದುಕೊಂಡರೆ ಹಿನ್ನೆಲೆ ನಿಮಗೆ ಆಗಲೇ ಗೊತ್ತಿರುತ್ತದೆ.

ಪುಣೆ, ಕೋಥ್ರೂಡ್‌ನಿಂದ: ನಮ್ಮ ಸೊಸೆ ಮರಾಠಿಯವಳು. ತುಂಬಾ ಓದುತ್ತಾಳೆ. ನಿಮ್ಮ ಕನ್ನಡದ ಕಾದಂಬರಿ ಒಂದು ಕೊಡಿ ಅಂತ ಕೇಳುತ್ತಾಳೆ, ಆದರೆ ಅವಳಿಗೆ ಲಿಪಿ ಬರುವುದಿಲ್ಲ.

ನೀವು ಪುಣೆಯಲ್ಲಿದ್ದೀರಿ, ಇದರ ಉತ್ತರವೂ ಪುಣೆಯಲ್ಲೇ ಇದೆ. ಉಮಾ ಕುಲಕರ್ಣಿ ಅವರು ಅಲ್ಲಿದ್ದುಕೊಂಡೇ ಕನ್ನಡದ ದೊಡ್ಡ ದೊಡ್ಡ ಕಾದಂಬರಿಗಳನ್ನು ಮರಾಠಿಗೆ ತಂದವರು. ಭೈರಪ್ಪನವರ 'ವಂಶವೃಕ್ಷ'ದ ಮರಾಠಿ ಅನುವಾದಕ್ಕೆ ಅವರಿಗೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂದಿದೆ. ಪತಿ ವಿರೂಪಾಕ್ಷ ಕುಲಕರ್ಣಿ ಅವರು ಕನ್ನಡದ ಪುಟಗಳನ್ನು ಓದಿ ಹೇಳುವುದು, ಉಮಾ ಅವರು ಅದನ್ನು ಮರಾಠಿಯಲ್ಲಿ ಬರೆಯುವುದು, ಹೀಗೆ ಇಬ್ಬರೂ ಸೇರಿ ಮಾಡಿದ ಕೆಲಸ. ಮರಾಠಿ ಓದುಗರಲ್ಲಿ ಭೈರಪ್ಪ ಮನೆಮಾತಾಗಿದ್ದರೆ ಅದರ ಹಿಂದೆ ಈ ಮನೆಯ ದುಡಿಮೆ ಇದೆ.

ಸೊಸೆಗೆ 'ವಂಶವೃಕ್ಷ' ಕೊಡಿ. ನಂಜನಗೂಡಿನ ಕಪಿಲಾ ದಂಡೆಯ ಶ್ರೀನಿವಾಸ ಶ್ರೋತ್ರಿಗಳ ಮನೆ, ಗಂಡನನ್ನು ಕಳೆದುಕೊಂಡ ಸೊಸೆ ಕಾತ್ಯಾಯನಿ ಮತ್ತೆ ಓದಲು ಹೊರಡುವುದು, ಮತ್ತೆ ಮದುವೆ, ಬಿಟ್ಟು ಬಂದ ಮಗು. ಅವಳು ಮರಾಠಿಯಲ್ಲಿ ಓದುವಾಗ ನೀವು ಅದೇ ಕಾದಂಬರಿಯನ್ನು ಕನ್ನಡದಲ್ಲಿ ಓದಿ. ಶ್ರೋತ್ರಿಗಳು ಮಾಡಿದ್ದು ಸರಿಯಾ, ಕಾತ್ಯಾಯನಿಗೆ ಲೇಖಕರು ನ್ಯಾಯ ಮಾಡಿದರಾ ಅಂತ ಊಟದ ಹೊತ್ತಿಗೆ ಜಗಳವಾಡಿ. ಕಾತ್ಯಾಯನಿಯ ವಿಷಯದಲ್ಲಿ ಕಾದಂಬರಿ ತುಸು ಕಠಿಣವಾಯಿತು ಅಂತ ನನ್ನ ಅಭಿಪ್ರಾಯ. ನಿಮ್ಮ ಸೊಸೆಯ ಅಭಿಪ್ರಾಯ ಏನು ಅಂತ ತಿಳಿಯುವ ಆಸೆ ನನಗೂ ಇದೆ, ಬರೆಯಿರಿ.

ನೆರೂಳ್‌ನಿಂದ: ಮಗನಿಗೆ ಹದಿನೈದು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದುವುದು ಮಾತ್ರ ಅಕ್ಷರ ಅಕ್ಷರ ಕೂಡಿಸಿಕೊಂಡು. ಯಾವ ಕಾದಂಬರಿಯಿಂದ ಶುರು ಮಾಡಿಸಲಿ?

'ಕರ್ವಾಲೊ'. ಎರಡನೇ ಹೆಸರು ಯೋಚಿಸುವ ಅಗತ್ಯವೇ ಇಲ್ಲ. ತೇಜಸ್ವಿಯವರು ಇದನ್ನು ಪ್ರಕಟಿಸಿದ್ದು 1980ರಲ್ಲಿ. ಒಬ್ಬ ವಿಜ್ಞಾನಿ, ಶಾಲೆಯ ಲೆಕ್ಕದಲ್ಲಿ ದಡ್ಡನಾದರೂ ಕಾಡಿನ ವಿಷಯದಲ್ಲಿ ಮಹಾ ಬುದ್ಧಿವಂತನಾದ ಮಂದಣ್ಣ, ಒಂದು ನಾಯಿ, ಹಾರುವ ಓತಿಕ್ಯಾತವನ್ನು ಹುಡುಕಿಕೊಂಡು ಹೊರಡುವ ಒಂದು ತಂಡ. ಪುಸ್ತಕ ದಪ್ಪ ಇಲ್ಲ. ನಗು ಬರುತ್ತದೆ, ಬೆರಗೂ ಆಗುತ್ತದೆ. ಪರೀಕ್ಷೆಯ ಅಂಕಗಳಿಂದಲೇ ಮಕ್ಕಳನ್ನು ಅಳೆಯುವ ಈ ಕಾಲದಲ್ಲಿ ಮಂದಣ್ಣನ ಪರಿಚಯ ಆಗುವುದು ಯಾವ ಹುಡುಗನಿಗೂ ಒಳ್ಳೆಯದು.

ದಯವಿಟ್ಟು ಕೈಗೆ ಕೊಟ್ಟು ಓದು ಅಂತ ಬಿಡಬೇಡಿ. ಮೊದಲ ಅಧ್ಯಾಯಗಳನ್ನು ನೀವೇ ಓದಿ ಹೇಳಿ, ಅವನು ಪುಟ ನೋಡುತ್ತಾ ಕೇಳಲಿ. ಮಂದಣ್ಣ ಬಂದ ಮೇಲೆ ಒಂದು ಪುಟ ನೀವು, ಒಂದು ಪುಟ ಅವನು. ತಪ್ಪು ಓದಿದರೆ ತಕ್ಷಣ ತಿದ್ದಬೇಡಿ, ಅರ್ಥ ಕೆಟ್ಟಾಗ ಮಾತ್ರ ತಿದ್ದಿ. ಕನ್ನಡ ಕಲಿಯಲಿ ಅಂತ ಈಗಲೇ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೈಗಿಡುವ ತಂದೆತಾಯಿಗಳಿದ್ದಾರೆ. ಅದು ನನ್ನ ಪಾಲಿಗೆ ಕನ್ನಡದ ಅತಿ ದೊಡ್ಡ ಕಾದಂಬರಿ, ಅದಕ್ಕೇ ಹೇಳುತ್ತಿದ್ದೇನೆ, ಅದಕ್ಕೆ ಅವನು ತಾನಾಗಿ ಬರಲಿ.

ಪಿಂಪ್ರಿಯಿಂದ: ಹಾರರ್ ಮತ್ತು ಸೈನ್ಸ್ ಫಿಕ್ಷನ್ ಕನ್ನಡದಲ್ಲಿ ಇದೆಯಾ? ನಾನು ಅವೆರಡನ್ನೇ ಓದುವುದು, ಅದೂ ಇಂಗ್ಲಿಷಿನಲ್ಲಿ.

ಇದೆ, ಆದರೆ ಕಮ್ಮಿ. ಹೆದರಿಸುವ ಕಾದಂಬರಿ ಅಂದರೆ ಒಂದು ತಲೆಮಾರಿನ ಓದುಗರಿಗೆ ಥಟ್ಟನೆ ನೆನಪಾಗುವುದು 'ತುಳಸಿದಳ'. ಯಂಡಮೂರಿ ವೀರೇಂದ್ರನಾಥ್ ತೆಲುಗಿನಲ್ಲಿ ಬರೆದದ್ದು, ಕನ್ನಡಕ್ಕೆ ಬಂದು ಇಲ್ಲಿಯದೇ ಅನ್ನುವಷ್ಟು ಓದಿಸಿಕೊಂಡಿತು. ಮಾಟದ ಭಯವೂ ವೈದ್ಯರ ತರ್ಕವೂ ಎದುರುಬದುರು ನಿಲ್ಲುವ ಕಥೆ. ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಬರುವವರಾದರೆ ಹಗಲು ಓದಿ.

ವೈಜ್ಞಾನಿಕ ಕಾದಂಬರಿಗೆ ಭೈರಪ್ಪನವರ 'ಯಾನ', 2014ರದ್ದು. ಭೂಮಿ ಬಿಟ್ಟು ಹೊರಟು ಮತ್ತೆಂದೂ ಮರಳದ ನೌಕೆಯಲ್ಲಿ ಗಂಡು ಹೆಣ್ಣಿನ ಸಂಬಂಧ ಏನಾಗುತ್ತದೆ, ಅಲ್ಲೇ ಹುಟ್ಟಿದ ಮಕ್ಕಳಿಗೆ ಭೂಮಿ ಅಂದರೆ ಏನು ಅನ್ನುವುದು ಇದರ ತಿರುಳು. ಯಂತ್ರಗಳ ವಿವರ ನಿರೀಕ್ಷೆ ಮಾಡಿದರೆ ಸಪ್ಪೆ ಅನ್ನಿಸಬಹುದು. ಪೂರ್ತಿ ವಿಜ್ಞಾನದ ಕಲ್ಪನೆಯೇ ಬೇಕು ಅಂದರೆ ರಾಜಶೇಖರ ಭೂಸನೂರಮಠರ 'ಮನ್ವಂತರ' ಹುಡುಕಿ. ಕನ್ನಡದಲ್ಲಿ ಈ ದಾರಿಯನ್ನು ಮೊದಮೊದಲು ತುಳಿದವರಲ್ಲಿ ಅವರು ಒಬ್ಬರು. ಹೊಸ ಪ್ರತಿ ಸಿಗದಿದ್ದರೆ ಹಳೆಯ ಪುಸ್ತಕದವರನ್ನು ಕೇಳಿ.

ಮುಲುಂಡ್‌ನಿಂದ: ನನಗೆ ಅರವತ್ತೆಂಟು ವರ್ಷ. ಹುಡುಗಿಯಾಗಿದ್ದಾಗಿನಿಂದ ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನೇ ಓದಿಕೊಂಡು ಬಂದವಳು. ಅದನ್ನೇ ಮತ್ತೆ ಮತ್ತೆ ಓದುತ್ತೇನೆ. ಇನ್ನೂ ಅಡುಗೆಮನೆ ಕಾದಂಬರಿನಾ ಅಂತ ಮಗ ಕೇಳುತ್ತಾನೆ. ಬೇರೆ ಏನಾದರೂ ಓದಬೇಕಾ?

ನೀವು ಓದುತ್ತಿರುವುದನ್ನು ಬಿಡಬೇಡಿ. ಮಗನಿಗೆ ಈ ಉತ್ತರ ಓದಲು ಕೊಡಿ.

ತ್ರಿವೇಣಿ ಹುಟ್ಟಿದ್ದು 1928ರಲ್ಲಿ, ತೀರಿಕೊಂಡದ್ದು 1963ರಲ್ಲಿ. ಅಷ್ಟು ಚಿಕ್ಕ ಬದುಕಿನಲ್ಲಿ ಅವರು ಬರೆದದ್ದನ್ನು ನೋಡಿ. ಮನಃಶಾಸ್ತ್ರ ಓದಿದವರು ಅವರು. 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಅಸ್ವಸ್ಥಳಾಗುತ್ತಾಳೆ, ಚಿಕಿತ್ಸೆ ಪಡೆದು ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು, ನೆರೆಯವರು, ಕಟ್ಟಿಕೊಂಡ ಗಂಡ ಯಾರೂ ಅವಳನ್ನು ವಾಸಿಯಾದವಳು ಅಂತ ನೋಡುವುದಿಲ್ಲ. ಹೆರಿಗೆಯ ನಂತರದ ಖಿನ್ನತೆಯ ಬಗ್ಗೆ ಇವತ್ತು ಆಸ್ಪತ್ರೆಗಳಲ್ಲಿ ಫಲಕ ಹಾಕುತ್ತಾರೆ, ಫೋನಿನಲ್ಲಿ ವಿಡಿಯೋ ಬರುತ್ತದೆ. ಆ ಕಾಲದಲ್ಲಿ ಬಾಯಿಬಿಟ್ಟು ಹೇಳಲು ಮಾತೇ ಇಲ್ಲದಿದ್ದ ನೋವಿಗೆ ತ್ರಿವೇಣಿ ಒಂದು ಇಡೀ ಕಾದಂಬರಿ ಕೊಟ್ಟರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಕಾವೇರಿಯಾದರು, ಅದನ್ನು ನೀವು ನೋಡಿಯೇ ಇರುತ್ತೀರಿ.

ಇಂದಿರಾ ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ. ಮಗುವಾಗಿದ್ದಾಗಲೇ ವಿಧವೆಯಾದ ಒಬ್ಬಳು ಇಡೀ ಬದುಕನ್ನು ಒಂದು ಮನೆಯ ಮೂಲೆಯಲ್ಲಿ ಕಳೆಯುತ್ತಾಳೆ. ಕೂಗಾಡುವುದಿಲ್ಲ, ಆದರೆ ಮಡಿ ಮೈಲಿಗೆಯ ಕಟ್ಟುಗಳನ್ನು ಮೀರಿ ಹೆರಿಗೆಯ ಸಂಕಟದಲ್ಲಿರುವವಳ ನೆರವಿಗೆ ಹೋಗುತ್ತಾಳೆ. ಅಡುಗೆಮನೆಯಲ್ಲಿ ನಡೆದದ್ದೆಲ್ಲಾ ಸಣ್ಣದು ಅಂತ ತಿಳಿಯುವವರು ಈ ಒಂದು ಪುಸ್ತಕ ಓದಬೇಕು.

ಬೇರೆ ಏನಾದರೂ ಅಂದಿರಲ್ಲ, ಅದಕ್ಕೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಹೇಳುತ್ತೇನೆ. ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಕಾಸರಗೋಡು ಸೀಮೆಯ ನಾದಿರಾ ಎಂಬ ಹೆಣ್ಣುಮಗಳು, ಅವಳ ಅಪ್ಪನ ಹಟ, ತಲಾಖಿನ ನಿಯಮಗಳ ನಡುವೆ ಸಿಕ್ಕಿಬಿದ್ದ ಅವಳ ಸಂಸಾರ. ಮನೆ ಬೇರೆ, ಧರ್ಮ ಬೇರೆ, ಆದರೆ ಕಾವೇರಿ, ಫಣಿಯಮ್ಮರನ್ನು ಇಷ್ಟು ವರ್ಷ ಜೊತೆಗಿಟ್ಟುಕೊಂಡ ನಿಮಗೆ ನಾದಿರಾ ಹೊಸಬಳು ಅನ್ನಿಸುವುದಿಲ್ಲ. ಚಿಕ್ಕ ಪುಸ್ತಕ, ಎರಡು ಮಧ್ಯಾಹ್ನ ಸಾಕು.

ಬೊರಿವಲಿಯಿಂದ: ಬುಕರ್ ಬಂದ ಬಾನು ಮುಷ್ತಾಕ್ ಅವರ ಕಾದಂಬರಿ ಯಾವುದು? ಅದನ್ನೇ ಓದಬೇಕು.

2025ರ ಅಂತರರಾಷ್ಟ್ರೀಯ ಬು‌ಕರ್ ಬಂದದ್ದು ಅವರ ಕಥೆಗಳಿಗೆ, ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದದ ಮೂಲಕ. ಕಾದಂಬರಿ ಅಲ್ಲ ಅಂತ ಬಿಡಬೇಡಿ. ಕನ್ನಡ ಬಲ್ಲವರು ಕನ್ನಡದಲ್ಲೇ ಓದಿ. 'ಎದೆಯ ಹಣತೆ' ಎಂಬ ಕಥೆಯಿಂದ ಶುರು ಮಾಡಿ.

ಚಿಕ್ಕ ಕಾದಂಬರಿಯೇ ಬೇಕು ಅಂದರೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಮಸಾಲೆ ಪುಡಿಯ ವ್ಯಾಪಾರದಿಂದ ದಿಢೀರ್ ಶ್ರೀಮಂತವಾದ ಒಂದು ಮನೆ, ಒಗ್ಗಟ್ಟು ಅಂತ ಅವರು ಕರೆದುಕೊಳ್ಳುವುದರ ಒಳಗೇ ಬೆಳೆಯುವ ಕೇಡು. ಒಂದು ಭಾನುವಾರ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದು ಎಲ್ಲೂ ಹೋಗುವಂತಿಲ್ಲ ಅಂದಾಗ ಕೂತರೆ ಸಂಜೆಗೆ ಮುಗಿಯುತ್ತದೆ. ಕೊನೆಯ ಪುಟ ಓದಿ ಮತ್ತೆ ಮೊದಲ ಪುಟಕ್ಕೆ ಹೋಗುತ್ತೀರಿ.

ಪುಣೆ, ಹಡಪ್ಸರ್‌ನಿಂದ: ಎಷ್ಟೋ ಕಾದಂಬರಿ ಅರ್ಧಕ್ಕೆ ಬಿಟ್ಟಿದ್ದೇನೆ. ಏನು ಮಾಡಲಿ?

ಬಿಡಿ, ಪರವಾಗಿಲ್ಲ. ಮುಗಿಸಲೇಬೇಕು ಅಂತ ಯಾರಿಗೂ ಮಾತು ಕೊಟ್ಟಿಲ್ಲವಲ್ಲ. ಬಿಟ್ಟ ಪುಟದಲ್ಲಿ ಒಂದು ಗುರುತು ಇಟ್ಟಿರಿ. ಕೆಲವು ಪುಸ್ತಕಗಳಿಗೆ ಓದುವವರ ವಯಸ್ಸು ಸ್ವಲ್ಪ ಆಗಬೇಕು.

ಠಾಣೆಯಿಂದ: ನೀವು ಈಗ ಏನು ಓದುತ್ತಿದ್ದೀರಿ?

ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ'. 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. 1857ರ ಗಲಾಟೆಯಲ್ಲಿ ಉತ್ತರದಿಂದ ಓಡಿ ಬಂದವರು ನವಲಗುಂದದಲ್ಲಿ ನೆಲೆ ನಿಲ್ಲುತ್ತಾರೆ, ಅಲ್ಲಿಂದ ಗಾಂಧೀಜಿಯ ಸಾವಿನ ತನಕ ಆ ಮನೆಯ ಕಥೆ. ನಡುವೆ ಪ್ಲೇಗು, ಬರ, ಮದುವೆ, ಸಾವು, ಸ್ವಾತಂತ್ರ್ಯದ ಚಳವಳಿ. ದೊಡ್ಡ ಇತಿಹಾಸ ಊರಿನ ಓಣಿಯೊಳಗೆ ಬರುವಾಗ ಹೇಗೆ ಸಣ್ಣ ಸಣ್ಣ ಸುದ್ದಿಯಾಗಿ ಬರುತ್ತದೆ ಅನ್ನುವುದನ್ನು ವೈದ್ಯರು ತುಂಬಾ ಪ್ರೀತಿಯಿಂದ ಬರೆದಿದ್ದಾರೆ. ನಗಿಸುತ್ತಾ ಇರುವವರು ಥಟ್ಟನೆ ಗಂಟಲು ಕಟ್ಟಿಸುತ್ತಾರೆ.

ಭಾಷೆ ಪೂರ್ತಿ ಧಾರವಾಡದ ಕಡೆಯದು. ನಿಮ್ಮದು ಮಂಗಳೂರು ಅಥವಾ ಉಡುಪಿ ಕಡೆಯ ಮನೆಯಾದರೆ ಮೊದಲು ತುಸು ತೊಡಕಾಗಬಹುದು. ಮೊದಲ ಕೆಲವು ಪುಟಗಳನ್ನು ಬಾಯಿಬಿಟ್ಟು ಓದಿ, ಕಿವಿಗೆ ಬಿದ್ದರೆ ಬೇಗ ಒಗ್ಗುತ್ತದೆ. ಕಟ್ಟಡದಲ್ಲಿ ಹುಬ್ಬಳ್ಳಿ-ಧಾರವಾಡದವರು ಯಾರಾದರೂ ಇದ್ದರೆ ಅವರ ಬಾಯಿಂದಲೇ ಒಂದು ಅಧ್ಯಾಯ ಓದಿಸಿ ಕೇಳಿ. ಪ್ರತಿ ಸಿಗದಿದ್ದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಅಥವಾ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಬನ್ನಿ, ಅಲ್ಲಿಗೆ ಬರುವ ಓದುಗರಲ್ಲಿ ಯಾರ ಹತ್ತಿರವಾದರೂ ಖಂಡಿತ ಇರುತ್ತದೆ. ಓದಿ ವಾಪಸ್ ಕೊಡುತ್ತೇನೆ ಅಂತ ಹೇಳಿ ತೆಗೆದುಕೊಳ್ಳಿ, ಹೇಳಿದ ಹಾಗೆ ಕೊಡಿ.